ಕಂಪ್ಯೂಟರ್ ನಮ್ಮದು, ಕೀಲಿ ಅವರದು

ಮೂವತ್ತೊಂದು ವರ್ಷ ನಾನು ಹೈದರಾಬಾದಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಿದ್ದೆ. ಹಾಗಂದರೆ ಏನು ಅಂತ ನನ್ನ ಸ್ವಂತ ಅತ್ತೆಗೆ ಕೊನೆಯವರೆಗೂ ತಿಳಿಸಿ ಹೇಳಲಾಗಲಿಲ್ಲ. "ನಮ್ಮ ಸೊಸಿ ದವಾಖಾನಿಯೊಳಗ ಲೈಟ್ ಹಾಕತಾಳ" ಅಂತ ಬೀದರ ಕಡೆಯ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ತೀರಾ ತಪ್ಪೇನಲ್ಲ. ರೋಗಿಗೆ ವಿಕಿರಣ ಕೊಡಬೇಕೆಂದು ನಿರ್ಧರಿಸುವವರು ಡಾಕ್ಟರು. ಅದನ್ನು ಯಾವ ದಿಕ್ಕಿನಿಂದ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಬಿಡಬೇಕು ಅಂತ ಲೆಕ್ಕ ಹಾಕುವವಳು ನಾನು. ಗಡ್ಡೆಗೆ ತಾಗಬೇಕು, ಪಕ್ಕದ್ದಕ್ಕೆ ಆದಷ್ಟು ತಾಗಬಾರದು. ಅಷ್ಟೇ ಕೆಲಸ. ಅಷ್ಟಕ್ಕೇ ಮೂವತ್ತೊಂದು ವರ್ಷ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಮನೆಗೆ ಬಂದರೆ, "ಮ್ಯಾಡಮ್, ನಿಮ್ಮ ಕಾಲದಲ್ಲಿ ಸಾಫ್ಟ್‌ವೇರ್ ಇಲ್ಲದೆ ಹೇಗೆ ಮಾಡ್ತಿದ್ರಿ?" ಅಂತ ಕೇಳುತ್ತಾರೆ, ಬೆಂಕಿಪೆಟ್ಟಿಗೆ ಇಲ್ಲದೆ ಒಲೆ ಹೇಗೆ ಹಚ್ಚುತ್ತಿದ್ದಿರಿ ಅನ್ನುವ ಧಾಟಿಯಲ್ಲಿ. ಸಾಫ್ಟ್‌ವೇರ್ ಇಲ್ಲದ ಕಾಲ ಅಷ್ಟೇನೂ ಭಯದ್ದಲ್ಲ ಕಣ್ರಮ್ಮ. ಸಾಫ್ಟ್‌ವೇರ್ ಎದುರಿಗೇ ಇದ್ದು ಬಾಗಿಲು ತೆಗೆಯದ ಎರಡು ದಿನ ಇದ್ದವಲ್ಲ, ಅವು ಭಯದ್ದು.

ಮೊದಲು ಕೈಲೆಕ್ಕದ ಮಾತು. ನಾನು ಗುಲ್ಬರ್ಗದ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನನಗೆ ಕಲಿಸಿದ್ದು ನೀಟ್‌ನೆಸ್. ಮಾರ್ಜಿನ್ ಎಳೆಯದೆ ಬರೆದರೆ ಬೆರಳಿನ ಗೆಣ್ಣಿಗೆ ಏಟು. ಆ ಹೆಮ್ಮೆಯಲ್ಲೇ ಮೊದಲ ವಾರ ನಮ್ಮ ಚೀಫ್ ಫಿಸಿಸಿಸ್ಟ್ ಕುಲಕರ್ಣಿ ಸರ್ ಮುಂದೆ ಒಂದು ಪ್ಲಾನ್ ಇಟ್ಟೆ. ರೋಗಿಯ ದೇಹಕ್ಕೆ ಮೆತ್ತನೆಯ ಸೀಸದ ತಂತಿ ಸುತ್ತಿ, ಆ ಆಕಾರವನ್ನು ಗ್ರಾಫ್ ಹಾಳೆಗೆ ಇಳಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಎಲ್ಲೆಲ್ಲಿ ಎಷ್ಟು ಡೋಸ್ ಬೀಳುತ್ತದೆ ಅಂತ ಗೆರೆ ಗೆರೆಯಾಗಿ ಬರೆಯುವುದು. ನನ್ನದು ಮೂರು ಬಣ್ಣದ ಇಂಕಿನಲ್ಲಿತ್ತು.

ಸರ್ ಕನ್ನಡಕ ಏರಿಸಿ ನೋಡಿದರು. "ಭಾಳ ಛಂದ ಐತಿ. ಫ್ರೇಮ್ ಹಾಕ್ಸಿ ಗ್ವಾಡಿಗೆ ತೂಗುಬಿಡ್ರಿ. ಪೇಶಂಟಿಗೆ ಕೊಡಬ್ಯಾಡ್ರಿ."

ತಂತಿಯನ್ನು ದೇಹದಿಂದ ತೆಗೆದು ಹಾಳೆಯ ಮೇಲೆ ಇಡುವಾಗ ಅದು ಒಂದು ಸೆಂಟಿಮೀಟರ್ ಅಗಲವಾಗಿಬಿಟ್ಟಿತ್ತು. ನನಗೆ ಗೊತ್ತೇ ಆಗಿರಲಿಲ್ಲ. "ನಿಮ್ಮ ಕೈ ಏನು ಮಾಡಾಕತ್ತೈತಿ ಅಂತ ನಿಮಗೆ ಗೊತ್ತಿರಬೇಕ್ರಿ," ಅಂದರು ಸರ್. ಅವರ ಬಾಯಲ್ಲಿ ನಾನು ಕೇಳಿದ ಅತಿ ಉದ್ದದ ಉಪದೇಶ ಅದೇ.

ಕುಲಕರ್ಣಿ ಸರ್ ರಿಟೈರ್ ಆದ ಮೇಲೆ ನಮಗೆ ಟ್ರೀಟ್‌ಮೆಂಟ್ ಪ್ಲಾನಿಂಗ್ ಕಂಪ್ಯೂಟರ್ ಬಂತು. ಊರಿನ ಪಶ್ಚಿಮಕ್ಕೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಬೆಳಗಿನ ಸಿಟಿ ಬಸ್ಸಿನಲ್ಲಿ ಎಲ್ಲರ ಕುತ್ತಿಗೆಯಲ್ಲೂ ಒಂದೊಂದು ಕಂಪನಿಯ ಐಡಿ ಕಾರ್ಡ್. ನಮ್ಮ ಡಿಪಾರ್ಟ್‌ಮೆಂಟಿಗೂ ಕಂಪ್ಯೂಟರ್ ಬಂದದ್ದು ನಮಗೆ ಮದುವೆ ಮನೆಯ ಸಂಭ್ರಮ. ಮೂರು ವಾರ, ದಿನದ ಟ್ರೀಟ್‌ಮೆಂಟ್ ಮುಗಿದ ಮೇಲೆ ಉಳಿದು, ನೀರಿನ ತೊಟ್ಟಿಯಲ್ಲಿ ಅಳೆಯುವ ಕಡ್ಡಿ ಇಳಿಸಿ, ವಿಕಿರಣ ಕೊಡುವ ನಮ್ಮ ಕೋಬಾಲ್ಟ್ ಯಂತ್ರದ ಕಿರಣ ಯಾವ ಆಳದಲ್ಲಿ ಎಷ್ಟು ಅಂತ ಒಂದೊಂದೇ ಅಂಕಿ ಅಳೆದು ಒಳಗೆ ತುಂಬಿದೆವು. ತುಂಬಿದ್ದು ನಾವು, ಅಳೆದದ್ದು ನಾವು, ಯಂತ್ರ ನಮ್ಮದು, ತೊಟ್ಟಿಗೆ ನೀರು ಹೊತ್ತದ್ದೂ ನಾವೇ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ನನಗಂತೂ ಆ ಪರದೆಯ ಮೇಲೆ ಪ್ರೀತಿಯೇ ಹುಟ್ಟಿತ್ತು. ಸುಳ್ಳು ಯಾಕೆ ಹೇಳಲಿ.

ಅದರ ಜೊತೆಗೆ ಬಂದದ್ದು ಡಾಂಗಲ್. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು, ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರ್ ವಯರ್ ಸೇರುವ ಜಾಗದಲ್ಲಿ ಚುಚ್ಚಬೇಕು. ಅದು ಇದ್ದರೆ ಪ್ರೋಗ್ರಾಂ ತೆರೆಯುತ್ತದೆ. ಕಿತ್ತರೆ ಪರದೆಯ ಮೇಲೆ ಒಂದೇ ಸಾಲು: ಕೀ ನಾಟ್ ಫೌಂಡ್. ನಕಲು ಮಾಡಿ ಇನ್ನೊಂದು ಕಂಪ್ಯೂಟರಿನಲ್ಲಿ ಓಡಿಸಬಾರದು ಅಂತ ಕಂಪನಿ ಮಾಡಿದ ಉಪಾಯ. ಅದು ನನಗೂ ನ್ಯಾಯವೇ ಅನಿಸಿತ್ತು. ದುಡಿದು ಮಾಡಿದವರು ಕಳ್ಳತನ ತಡೆಯಬೇಡವೇ?

ಆದರೆ ಬೀಗ ಒಂದರಿಂದ ಒಂದಕ್ಕೆ ಬೆಳೆಯುತ್ತ ಹೋಯಿತು. ಪೆಟ್ಟಿಗೆಯ ಸ್ಕ್ರೂ ಮೇಲೆ ಸ್ಟಿಕರ್, ಹರಿದರೆ ವಾರಂಟಿ ಇಲ್ಲ. ನಾವು ಅಳೆದ ಅಂಕಿಗಳನ್ನು ಪ್ರಿಂಟ್ ತೆಗೆಯೋಣವೆಂದರೆ ಆ ಮೆನುವೇ ಇಲ್ಲ. ಒಮ್ಮೆ ಸರ್ವಿಸಿಗೆ ಬಂದ ಎಂಜಿನಿಯರ್ ಕೇಳದೆಯೇ ಹೊಸ ವರ್ಷನ್ ಹಾಕಿ ಹೋದ, ಮರುದಿನ ಹಳೆಯ ರೋಗಿಗಳ ಪ್ಲಾನ್ ಒಂದೂ ತೆರೆಯಲಿಲ್ಲ. ನಾನು ಮುಂಬೈಯ ಕಂಪನಿ ಆಫೀಸಿಗೆ ಫೋನ್ ಮಾಡಿ ಜಗಳ ಆಡಿದೆ. ಕಂಪನಿಯ ಸರ್ವಿಸ್ ಮ್ಯಾನೇಜರ್ ಬೆಣ್ಣೆಯಂಥ ದನಿಯವರು.

"ಅಂಕಿಗಳು ನಾವು ಅಳೆದದ್ದು ಸರ್, ನಮಗೇ ಕಾಣದಿದ್ದರೆ ಹೇಗೆ?" ಅಂದೆ.

"ಡೇಟಾ ನಿಮ್ಮದೇ ಮ್ಯಾಡಮ್," ಅಂದರು. "ಫಾರ್ಮ್ಯಾಟ್ ನಮ್ಮದು."

ಆ ಮಾತಿಗೆ ಏನು ಉತ್ತರ ಕೊಡಬೇಕಿತ್ತು ಅಂತ ಈಗಲೂ ಒಮ್ಮೊಮ್ಮೆ ಹೊಳೆಯುತ್ತದೆ, ಬಟ್ಟೆ ಮಡಚುವಾಗ. ಆಗ ಫೋನ್ ಇಟ್ಟುಬಿಟ್ಟಿದ್ದೆ.

ಇನ್ನು ಶರಣಪ್ಪನ ವಿಷಯ. ಬೀದರ ಜಿಲ್ಲೆಯವ, ಬೇಗಂ ಬಜಾರಿನ ಮೆಣಸಿನಕಾಯಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವ. ಲಾರಿಯಿಂದ ಮಾಲು ಇಳಿಯುವಾಗ ತೂಕ ಕೂಗಿ ಹೇಳುವುದು ಅವನ ಕೆಲಸ. ಆ ಗದ್ದಲದಲ್ಲಿ ಒಳಗೆ ಗದ್ದುಗೆ ಮೇಲೆ ಕೂತ ಸಾವುಕಾರನಿಗೆ ಕೇಳಬೇಕು, ಅಂಥ ಗಂಟಲು. ಆ ಗಂಟಲಲ್ಲೇ ಗಡ್ಡೆ. ಆಪರೇಷನ್ ಮಾಡಿದರೆ ಧ್ವನಿಪೆಟ್ಟಿಗೆಯೇ ಹೋಗುತ್ತದೆ, ವಿಕಿರಣ ಸರಿಯಾಗಿ ಕೊಟ್ಟರೆ ಗಡ್ಡೆ ಹೋಗಿ ದನಿ ಉಳಿಯಬಹುದು ಅಂತ ನಮ್ಮ ರೇಡಿಯೋಥೆರಪಿ ಹೆಡ್ ಡಾ. ಪದ್ಮಜಾ ಅವನಿಗೆ ಹೇಳಿದ್ದರು. ಕುತ್ತಿಗೆಯ ಎಡಬಲದಿಂದ ಕಿರಣ ಬಿಡುತ್ತಿದ್ದೆವು. ಹಾಗೆ ಬಿಟ್ಟ ಕಿರಣ ಹಿಂದಿನ ಬೆನ್ನುಹುರಿಯನ್ನೂ ಹಾದು ಹೋಗುತ್ತದೆ. ಬೆನ್ನುಹುರಿಗೆ ಒಂದು ಮಿತಿ ಇದೆ, ಅದನ್ನು ದಾಟಿದರೆ ಮುಂದೆ ಎಂದೋ ಒಂದು ದಿನ ಕಾಲು ಬೀಳಬಹುದು. ಆ ಮಿತಿ ಮುಟ್ಟಿದ ಕೂಡಲೇ ಪ್ಲಾನ್ ಬದಲಾಯಿಸಿ, ಮುಂದಿನಿಂದ ಓರೆಯಾಗಿ ಎರಡು ಕಿರಣ ಬಿಡಬೇಕು. ಮಧ್ಯೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಒಂದೊಂದು ದಿನವೂ ಗಡ್ಡೆಗೆ ಚೇತರಿಸಿಕೊಳ್ಳಲು ನಾವೇ ಕೊಟ್ಟ ರಜೆ.

ಶರಣಪ್ಪ ಮಿತಿ ಮುಟ್ಟಿದ್ದು ಗುರುವಾರ ಬೆಳಿಗ್ಗೆ. ಶುಕ್ರವಾರ ದಸರಾ, ಯಂತ್ರಕ್ಕೆ ರಜೆ. ಶನಿವಾರ ಬೆಳಿಗ್ಗೆ ಹೊಸ ಪ್ಲಾನ್ ಶುರುವಾಗಬೇಕು. ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಕೆಲಸ, ಗುರುವಾರ ಮಧ್ಯಾಹ್ನ ಪೂಜೆ ಮುಗಿದ ಮೇಲೆ ಮಾಡಿದರಾಯಿತು ಅಂದುಕೊಂಡೆ.

ಪೂಜೆ ಎಂದರೆ ಆಯುಧಪೂಜೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಕೋಬಾಲ್ಟ್ ಯಂತ್ರಕ್ಕೆ ಬಂತಿ, ಅಂದರೆ ಚೆಂಡುಹೂವಿನ ಮಾಲೆ, ಅದರ ಮುಂದೆ ಹಿತ್ತಾಳೆ ತಟ್ಟೆ. ಆ ತಟ್ಟೆಯಲ್ಲಿ ಇಡೀ ಡಿಪಾರ್ಟ್‌ಮೆಂಟಿನ ಕೀಲಿಕೈಗಳನ್ನೆಲ್ಲ ಇಡಬೇಕು. ಯಂತ್ರದ ಕೀಲಿ, ಸ್ಟ್ರಾಂಗ್‌ರೂಮಿನ ಕೀಲಿ, ಅಲ್ಮೇರಾದ ಕೀಲಿ. ಆಯಾ ಯಾದಮ್ಮ ಒಂದೊಂದಕ್ಕೂ ನೀರು ಚಿಮುಕಿಸಿ, ಕಲಸಿದ ಅರಿಶಿನ ಬೊಟ್ಟು, ಕುಂಕುಮ ಬೊಟ್ಟು ಇಡುತ್ತಿದ್ದಳು.

"ಅನ್ನೀ ವಚ್ಚಾಯಾ ಮ್ಯಾಡಮ್?" ಅಂದಳು. ಎಲ್ಲ ಬಂದವಾ ಅಂತ.

ಆಗ ನನಗೆ ಅದೇನು ಹೊಳೆಯಿತೋ. ಕಂಪ್ಯೂಟರಿನ ಕೀಲಿ ಬಿಟ್ಟುಹೋಯಿತಲ್ಲ ಅನಿಸಿತು. ಎದ್ದು ಹೋಗಿ ಡಾಂಗಲ್ ಕಿತ್ತು ತಂದು, ಜರ್ಬಾಗಿ ತಟ್ಟೆಯ ಮಧ್ಯೆ ಇಟ್ಟೆ. ಯಾರೂ ಹೇಳಿರಲಿಲ್ಲ. ನನ್ನ ಜೂನಿಯರ್ ದೀಪಾ, ಮೈಸೂರಿನ ಹುಡುಗಿ, "ಅದೂನಾ ಮ್ಯಾಡಮ್?" ಅಂತ ನಕ್ಕಳು. "ಎಲ್ಲಕ್ಕಿಂತ ಜಾಸ್ತಿ ಸತಾಯಿಸೋದು ಅದೇ ಅಲ್ವೇನೆ, ಅದಕ್ಕೇ ಡಬಲ್ ಪೂಜೆ" ಅಂದೆ. ಯಾದಮ್ಮ ಶ್ರದ್ಧೆಯಿಂದ ಪಿನ್ನುಗಳಿರುವ ಬಾಯಿಗೇ ಬೊಟ್ಟು ಇಟ್ಟಳು. ಆಮೇಲೆ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ತೆಂಗಿನಕಾಯಿ ತಿನ್ನುತ್ತ, ಕಂಪ್ಯೂಟರಿಗೆ ಚುಚ್ಚಿ, ಸ್ವಿಚ್ ಹಾಕಿದೆ.

ಕೀ ನಾಟ್ ಫೌಂಡ್.

ತೆಗೆದು ಊದಿ ಹಾಕಿದೆ. ದೀಪಾ ಸ್ಪಿರಿಟ್ ಹಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಮತ್ತೆ ಅದೇ ಸಾಲು. ಬಾಯಲ್ಲಿದ್ದ ಕೊಬ್ಬರಿ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮುಂಬೈಗೆ ಫೋನ್ ಮಾಡಿದೆ. ಬೆಣ್ಣೆಯ ದನಿ ಮನೆಗೆ ಹೊರಡುವ ಗಡಿಬಿಡಿಯಲ್ಲಿತ್ತು.

"ಕುಂಕುಮ?" ಅಂದರು. "ಮ್ಯಾಡಮ್, ರಿಪೋರ್ಟಿನಲ್ಲಿ ನಾನು ಏನಂತ ಬರೆಯಲಿ?"

"ಏನಾದರೂ ಬರೀರಿ. ಒಂದು ಪಾಸ್‌ವರ್ಡ್ ಕೊಡಿ, ಎರಡು ದಿನದ ಮಟ್ಟಿಗೆ. ಪೇಶಂಟ್ ಇದ್ದಾನೆ."

"ಅಂಥದ್ದು ಇಲ್ಲ ಮ್ಯಾಡಮ್. ಸತ್ತ ಡಾಂಗಲ್ ನಮಗೆ ಕಳಿಸಿ, ನಾವು ಯೂರೋಪಿಗೆ ಕಳಿಸ್ತೀವಿ, ಅವರು ನೋಡಿ ಹೊಸದು ಕಳಿಸ್ತಾರೆ. ಮೂರು ವಾರ. ಸೋಮವಾರ ಆಫೀಸ್ ತೆರೆದ ಮೇಲೆ ಪ್ರೊಸೆಸ್ ಶುರು."

"ನಾವು ಕದ್ದಿಲ್ಲ ಅಂತ ನಿಮಗೆ ಗೊತ್ತು. ನೀವೇ ಬಂದು ಹಾಕಿಕೊಟ್ಟಿದ್ದು."

"ನನಗೆ ಗೊತ್ತು ಮ್ಯಾಡಮ್. ಸಾಫ್ಟ್‌ವೇರಿಗೆ ಗೊತ್ತಿಲ್ಲ."

ಫೋನ್ ಇಟ್ಟೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ಮನೆಯ ಬೀಗದ ಕೀಲಿ ಬಾವಿಗೆ ಬಿದ್ದರೆ ಬೀಗ ಒಡೆಸಿ ಒಳಗೆ ಹೋಗುತ್ತೇವೆ. ಬೀಗ ಮಾಡಿದವನು ಮೂರು ವಾರ ಬೀದಿಯಲ್ಲಿ ನಿಲ್ಲು ಅನ್ನುವುದಿಲ್ಲ.

ಡಾ. ಪದ್ಮಜಾ ಮುಂದೆ ನಿಂತೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಹಳೇ ಪ್ಲಾನಿನಲ್ಲಿ ಒಂದು ದಿನಾನೂ ಕೊಡಲ್ಲ. ಸ್ಪೈನಲ್ ಕಾರ್ಡ್ ಆಲ್ರೆಡಿ ಲಿಮಿಟ್‌ನಲ್ಲಿದೆ," ಅಂದರು. ಊರಿನ ಇನ್ನೊಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರು, ಅಲ್ಲಿ ಎರಡು ವಾರದ ಕ್ಯೂ. "ಕೈಯಲ್ಲಿ ಮಾಡ್ತೀಯಾ?" ಅಂತ ನನ್ನ ಕಡೆ ತಿರುಗಿದರು.

"ಮಾಡ್ತೀನಿ."

"ಚೆಕ್ ಮಾಡೋರು ಯಾರು? ಎರಡನೇ ಸಹಿ ಇಲ್ಲದೆ ನಾನು ಸೈನ್ ಮಾಡಲ್ಲ."

ದೀಪಾ ಕೈಲೆಕ್ಕದ ಪ್ಲಾನನ್ನು ಪರೀಕ್ಷೆಗೆ ಓದಿದ್ದಳು ಅಷ್ಟೇ, ಜೀವಂತ ಮನುಷ್ಯನಿಗೆ ಒಂದನ್ನೂ ಮಾಡಿದವಳಲ್ಲ. ನಾನು ಕಂಪ್ಯೂಟರ್ ಬಂದ ಮೇಲೆ, ಎಂಟು ವರ್ಷದಿಂದ ಮಾಡಿದವಳಲ್ಲ. ಇಬ್ಬರ ಮುಖವನ್ನೂ ನೋಡಿ ಪದ್ಮಜಾ, "ನಾಳೆ ಸಂಜೆಯೊಳಗೆ ನನ್ನ ಟೇಬಲ್ ಮೇಲೆ ಇರಲಿ" ಅಂದು ಎದ್ದರು.

ಹಬ್ಬದ ದಿನ ಬೆಳಿಗ್ಗೆ ಒಂಬತ್ತಕ್ಕೆ ಶರಣಪ್ಪನನ್ನು ಕರೆಸಿದೆ. ಆಸ್ಪತ್ರೆಯ ಹಿಂದಿನ ಧರ್ಮಶಾಲೆಯಲ್ಲೇ ಇದ್ದ. ಟೇಬಲ್ ಮೇಲೆ ಮಲಗಿಸಿ ಕುತ್ತಿಗೆಗೆ ಸೀಸದ ತಂತಿ ಸುತ್ತಿದೆ. ಅವನ ಮಾತು ಆಗ ಬರೀ ಗಾಳಿ, ಕಿವಿ ಹತ್ತಿರ ತಂದರೆ ಮಾತ್ರ ಕೇಳುವುದು.

"ಅಕ್ಕೋರೆ, ದಸರಾ ದಿನಾನೇ ಕುತ್ತಿಗಿ ಅಳತಿ ತಗೊಳಾಕತ್ತೀರಿ. ನಾ ಏನು ಕುರಿ ಆಗೇನೇನ್ರಿ?"

ದೀಪಾ ನಕ್ಕುಬಿಟ್ಟಳು. ನನಗೆ ನಗಲು ಧೈರ್ಯ ಸಾಲಲಿಲ್ಲ, ಕೈ ಅಲುಗಿದರೆ ತಂತಿ ಅಲುಗುತ್ತದೆ. ಮೂರು ಸಲ ಸುತ್ತಿ, ಮೂರೂ ಗೆರೆ ಒಂದರ ಮೇಲೊಂದು ಕೂತ ಮೇಲೆಯೇ ಅವನನ್ನು ಎಬ್ಬಿಸಿದೆ.

"ಕಂಪೂಟರ್ ಕೆಟ್ಟೈತಂತ ಖರೇ ಏನ್ರಿ?" ಅಂತ ಕೇಳಿದ. ಯಾದಮ್ಮ ಹೇಳಿರಬೇಕು.

"ಕೆಟ್ಟಿಲ್ಲ, ಬಾಗಲಾ ಹಾಕ್ಕೊಂಡು ಕುಂತೈತಿ."

"ಮತ್ತ ನನ್ನ ಕೆಲಸಾ?"

"ಕೈಲೆ ಮಾಡ್ತೀವಿ."

ಅವನು ನನ್ನ ಕೈಯನ್ನೇ ನೋಡಿದ. "ಮಾಡ್ರಿ ಅಕ್ಕೋರೆ. ನಾವೂ ಬಜಾರದಾಗ ತೂಕದ ಕಾಂಟಾ ಕೆಟ್ಟರ ಕೈಲೇ ಎತ್ತಿ ಅಂದಾಜ ಹೇಳತೀವಿ," ಅಂದ. ಅಂದಾಜು ಎಂಬ ಆ ಶಬ್ದ ಕೇಳಿ ನಾನು ಗೆರೆಗಳನ್ನು ಸ್ಕೇಲಿಟ್ಟು ಇನ್ನೊಮ್ಮೆ ಅಳೆದೆ.

ಕೈಲೆಕ್ಕದ ಕಾಲದ ಡೋಸ್ ಚಾರ್ಟುಗಳು ಅಲ್ಮೇರಾದ ತಳದಲ್ಲಿ, ಪ್ಲಾಸ್ಟರ್ ಚೀಲಗಳ ಕೆಳಗೆ ಸಿಕ್ಕವು. ಅಂಚು ಗೆದ್ದಲು ತಿಂದಿತ್ತು, ಗೆರೆಗಳು ಉಳಿದಿದ್ದವು. ಗ್ರಾಫ್ ಹಾಳೆ, ಟ್ರೇಸಿಂಗ್ ಪೇಪರ್, ಪೆನ್ಸಿಲ್. ಹನ್ನೊಂದು ಗಂಟೆಯ ಹೊತ್ತಿಗೆ ದೀಪಾ ಹೊರಗೆ ಫೋನಿನಲ್ಲಿ ಮಾತಾಡಿ ಒಳಗೆ ಬಂದಳು. ಲಿಂಗಂಪಲ್ಲಿಯಲ್ಲಿ ಅವಳ ಜೊತೆ ಮನೆ ಮಾಡಿದ್ದ ಗೆಳತಿ ಸಾಫ್ಟ್‌ವೇರ್ ಕಂಪನಿಯವಳು.

"ಮ್ಯಾಡಮ್, ಬೈಬೇಡಿ. ಅವಳ ಟೀಮಲ್ಲಿ ಒಬ್ರು ಇದ್ದಾರಂತೆ. ಡಾಂಗಲ್ ಇದೆ ಅಂತ ಪ್ರೋಗ್ರಾಮನ್ನ ನಂಬಿಸಿಬಿಡೋ ಹಾಗೆ ಮಾಡ್ತಾರಂತೆ. ಕಂಪ್ಯೂಟರ್ ಕೊಟ್ರೆ ಸಂಜೆಯೊಳಗೆ ಓಪನ್."

ಪೆನ್ಸಿಲ್ ಕೆಳಗಿಟ್ಟೆ. ಸಂಜೆಯೊಳಗೆ ಓಪನ್. ಅರ್ಧ ಗಂಟೆಯಲ್ಲಿ ಪ್ಲಾನ್. ಬಣ್ಣಬಣ್ಣದ ಪ್ರಿಂಟ್. ಬಿಟ್ಟ ಹಬ್ಬದೂಟ ಮನೆಯಲ್ಲಿ ಕಾಯುತ್ತಿತ್ತು.

"ಓಪನ್ ಮಾಡುವಾಗ ಅವರ ಕೈ ಎಲ್ಲಿ ತಾಗಿತು, ಯಾವ ಅಂಕಿ ಅಲುಗಿತು ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂದೆ.

"ಮ್ಯಾಡಮ್, ಈಗ ಮಾತ್ರ ಒಳಗೇನಿದೆ ಅಂತ ನಮಗೆ ಗೊತ್ತಿತ್ತಾ?"

ಅವಳು ಎದುರಾಡಲು ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಎಂಟು ವರ್ಷ ಆ ಪರದೆ ಹೇಳಿದ ನಿಮಿಷ, ಸೆಕೆಂಡುಗಳನ್ನು ನೂರಾರು ಜನರ ಮೈಮೇಲೆ ಬಿಟ್ಟಿದ್ದೇನೆ. ಅದು ಹೇಗೆ ಕೂಡಿತು, ಹೇಗೆ ಕಳೆಯಿತು ಅಂತ ಕೇಳುವ ಕಿಟಕಿಯೇ ಅದರಲ್ಲಿ ಇರಲಿಲ್ಲ. ಕೇಳುವುದನ್ನು ನಾನೂ ಬಿಟ್ಟುಬಿಟ್ಟಿದ್ದೆ. ಈಗ ನನ್ನ ಲ್ಯಾಪ್‌ಟಾಪ್ ಇದನ್ನು ಬರೆಯುವ ಮಧ್ಯೆ ತಾನೇ ನಿಂತು, ತಾನೇ ಏನೋ ಇಳಿಸಿಕೊಂಡು, 'ಡೋಂಟ್ ಟರ್ನ್ ಆಫ್' ಅಂತ ನನಗೇ ಆಜ್ಞೆ ಮಾಡುವಾಗ ದೀಪಾಳ ಆ ಪ್ರಶ್ನೆ ನೆನಪಾಗುತ್ತದೆ.

"ಬೇಡ" ಅಂದೆ. "ಕೂತ್ಕೋ. ನಾನು ಮಾಡಿದ್ದನ್ನು ನೀನು ಮೊದಲಿಂದ ಬೇರೆಯಾಗಿ ಮಾಡು. ನನ್ನ ಹಾಳೆ ನೋಡಬೇಡ."

ಎರಡು ಗಂಟೆಗೆ ನನ್ನ ಲೆಕ್ಕ ಮುಗಿಯಿತು. ಗಡ್ಡೆಯ ಮೇಲೆ ಗೆರೆಗಳು ಒತ್ತಾಗಿ ಕೂತಿದ್ದವು, ಬೆನ್ನುಹುರಿಯ ಹತ್ತಿರ ತೆಳುವಾಗಿದ್ದವು. ನಿಮಿಷ, ಸೆಕೆಂಡು ಬರೆದು ಸುತ್ತು ಹಾಕಿದೆ. ಕೈ ಮರೆತಿಲ್ಲ ಅಂತ ಒಳಗೊಳಗೇ ಬೀಗಿದೆ ಕೂಡ. ದೀಪಾಳದು ಇನ್ನೂ ಮುಗಿದಿರಲಿಲ್ಲ. ಪೆನ್ಸಿಲ್ ಕಚ್ಚುತ್ತ ಕೂತಿದ್ದಳು.

"ಮ್ಯಾಡಮ್, ದಡ್ಡ ಪ್ರಶ್ನೆ. ಬೆಣೆ ಹಾಕಿದ್ರೂ, ಹಾಕದಿದ್ರೂ, ಟೈಮ್ ಒಂದೇನಾ?"

ಓರೆ ಕಿರಣಗಳ ದಾರಿಯಲ್ಲಿ ಲೋಹದ ಒಂದು ಬೆಣೆ ಇಡುತ್ತೇವೆ, ಡೋಸ್ ಸಮನಾಗಿ ಹರಡಲಿ ಅಂತ. ಆ ಬೆಣೆ ಕಿರಣವನ್ನು ಸಾಕಷ್ಟು ನುಂಗುತ್ತದೆ. ನುಂಗಿದ್ದಕ್ಕೆ ತಕ್ಕ ಹಾಗೆ ಸಮಯ ಹೆಚ್ಚಿಸಬೇಕು. ಎಂಟು ವರ್ಷದಿಂದ ಅದನ್ನು ಕಂಪ್ಯೂಟರ್ ತಾನಾಗಿ ಹೆಚ್ಚಿಸುತ್ತಿತ್ತು. ನಾನು ಹೆಚ್ಚಿಸಿರಲಿಲ್ಲ.

ಆ ಹಾಳೆ ಪದ್ಮಜಾ ಟೇಬಲ್ಲಿಗೆ ಹೋಗಿದ್ದರೆ ಶರಣಪ್ಪನಿಗೆ ದಿನವೂ ಬೇಕಾದ ಡೋಸಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬೀಳುತ್ತಿತ್ತು. ಚರ್ಮ ಚೆನ್ನಾಗಿರುತ್ತಿತ್ತು, ನೋವು ಕಡಿಮೆ ಇರುತ್ತಿತ್ತು, ಎಲ್ಲರೂ ಖುಷಿಯಾಗಿರುತ್ತಿದ್ದೆವು. ಗಡ್ಡೆಯೂ ಖುಷಿಯಾಗಿರುತ್ತಿತ್ತು.

"ದಡ್ಡ ಪ್ರಶ್ನೆ ಅಲ್ಲ ಕಣೆ," ಅಂದೆ.

"ಎಷ್ಟು ನುಂಗುತ್ತೆ ಮ್ಯಾಡಮ್? ಫ್ಯಾಕ್ಟರ್ ಎಷ್ಟು?"

ಆ ಅಂಕಿ ಯಾವ ಪುಸ್ತಕದಲ್ಲೂ ಸಿಗುವುದಲ್ಲ. ಒಂದೊಂದು ಬೆಣೆಗೂ ಬೇರೆ. ನಾನೇ ಅಳೆದಿದ್ದೆ, ನಾನೇ ಕೀಬೋರ್ಡಿನಲ್ಲಿ ಒತ್ತಿದ್ದೆ. ಬರೆದಿಟ್ಟ ಚೀಟಿಯನ್ನು, ಇನ್ನೇಕೆ ಅಂತ, ಬಿಸಾಡಿದ್ದೆ. ಆ ಅಂಕಿ ಈಗ ನಮ್ಮಿಂದ ಎರಡು ಅಡಿ ದೂರದ ಪೆಟ್ಟಿಗೆಯೊಳಗೆ ಇತ್ತು. ಪರದೆಯ ಮೇಲೆ ಇನ್ನೂ ಅದೇ ಸಾಲು. ಆ ಪೆಟ್ಟಿಗೆಯನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆಯಬೇಕು ಅನಿಸಿತು ಅಂದರೆ ಅತಿಶಯೋಕ್ತಿ ಅಲ್ಲ. ಕಾನ್ವೆಂಟಿನ ಸಿಸ್ಟರುಗಳು ಕ್ಷಮಿಸಲಿ.

"ನೀರಿನ ತೊಟ್ಟಿ ತೆಗೆ," ಅಂದೆ.

ಹಬ್ಬದ ಮಧ್ಯಾಹ್ನ, ಬಂತಿ ಮಾಲೆ ಹಾಕಿಕೊಂಡ ಯಂತ್ರದ ಕೆಳಗೆ ತೊಟ್ಟಿ ಇಟ್ಟು, ಇಬ್ಬರೂ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕಿದೆವು. ಅಳತೆ ಕಡ್ಡಿ ಇಳಿಸಿದೆವು. ಬೆಣೆ ಇಲ್ಲದೆ ಒಂದು ಸಲ, ಬೆಣೆ ಹಾಕಿ ಒಂದು ಸಲ. ಹೊರಗೆ ಬಂದು, ದಪ್ಪ ಬಾಗಿಲು ಮುಚ್ಚಿ, ಮೀಟರ್ ನೋಡಿ ಬರೆದೆವು. ಒಂದು ಸಲಕ್ಕೆ ನಾನು ನಂಬಲಿಲ್ಲ, ಐದು ಸಲ ಮಾಡಿಸಿದೆ. ಬೆಣೆ ಇಲ್ಲದಾಗ ನೂರು ಅಂದರೆ ಬೆಣೆ ಇದ್ದಾಗ ಅರವತ್ತೆರಡು. ಐದು ಸಲವೂ ಅರವತ್ತೆರಡರ ಆಜುಬಾಜು.

ಮತ್ತೆ ಕೂತು ಬೇರೆ ಬೇರೆ ಮೇಜಿನಲ್ಲಿ ಲೆಕ್ಕ ಹಾಕಿದೆವು. ಹಾಳೆ ಅದಲುಬದಲು ಮಾಡಿಕೊಂಡಾಗ ಎರಡರ ನಡುವೆ ಎರಡು ಸೆಕೆಂಡಿನ ವ್ಯತ್ಯಾಸ. ಐದು ಗಂಟೆಗೆ ಪದ್ಮಜಾ ಹಬ್ಬದ ಸೀರೆಯಲ್ಲೇ ಬಂದರು. ನಾನು ಮಾಡಿದ ತಪ್ಪನ್ನೂ ಹೇಳಿದೆ, ಹಿಡಿದವಳನ್ನೂ ತೋರಿಸಿದೆ. ಅವರು ತಪ್ಪಾಗಿದ್ದ ಮೊದಲ ಹಾಳೆಯನ್ನೂ ಕೇಳಿ ತೆಗೆದುಕೊಂಡು ಓದಿದರು. ಅದನ್ನು ಹರಿಯಲಿಲ್ಲ, ಕೇಸ್ ಫೈಲಿನಲ್ಲೇ ಸೇರಿಸಿದರು. ತಿದ್ದಿದ ಹಾಳೆಗೆ, ನನ್ನ ಮತ್ತು ದೀಪಾಳ ಸಹಿಯ ಕೆಳಗೆ, ಸಹಿ ಮಾಡಿ, "ನಾಳೆ ನಾನೇ ನಿಂತು ಕೊಡಿಸ್ತೀನಿ" ಅಂದರು.

ಶನಿವಾರ ಬೆಳಿಗ್ಗೆ ಶರಣಪ್ಪ ಮಲಗಿದ. ಬಾಗಿಲು ಮುಚ್ಚಿತು. ಎಂಟು ವರ್ಷದಲ್ಲಿ ಮೊದಲ ಸಲ ಆ ಟೈಮರ್ ಇಳಿಯುವುದನ್ನು ಒಂದೊಂದು ಅಂಕಿಯಾಗಿ ನೋಡಿದೆ. ಅವನ ಉಳಿದ ಹನ್ನೊಂದು ದಿನಗಳೂ ಹಾಗೇ ನಡೆದವು. ಹೊಸ ಡಾಂಗಲ್ ಬರುವ ಹೊತ್ತಿಗೆ ಅವನು ಧರ್ಮಶಾಲೆ ಬಿಟ್ಟು ಊರಿಗೆ ಹೋಗಿಯಾಗಿತ್ತು. ಡಾಂಗಲ್ ಜೊತೆ ಒಂದು ಪತ್ರ, 'ಬಳಕೆದಾರರ ಅಜಾಗರೂಕತೆಯಿಂದ' ಅಂತ ನನ್ನ ಸಹಿ ಬೇಡಿ. ಸಹಿ ಹಾಕಿದೆ, ಅದು ನಿಜವೇ. ಅದರ ಕೆಳಗೆ ನಾನೂ ಒಂದು ಸಾಲು ಸೇರಿಸಿದೆ: ನಾವು ಅಳೆದ ಅಂಕಿಗಳನ್ನು ಕಾಗದಕ್ಕೆ ಇಳಿಸುವ ದಾರಿ ಯಾಕಿಲ್ಲ? ಆ ಸಾಲಿಗೆ ಉತ್ತರ ಬರಲಿಲ್ಲ. ದೀಪಾ, ನಾನು ಇಬ್ಬರೂ ಪ್ರತಿ ಶನಿವಾರ ಮಧ್ಯಾಹ್ನ ಕೂತು ಎಲ್ಲವನ್ನೂ ಮತ್ತೆ ಅಳೆದು ಉದ್ದನೆಯ ರಿಜಿಸ್ಟರಿಗೆ ಬರೆದೆವು. ಐದು ತಿಂಗಳು ಹಿಡಿಯಿತು. ಕಂಪ್ಯೂಟರನ್ನು ಬಿಡಲಿಲ್ಲ, ಬಿಡಿ ಅಂತ ನಿಮಗೂ ಹೇಳುವುದಿಲ್ಲ. ಆದರೆ ಅದು ಕೊಟ್ಟ ಸಮಯವನ್ನು ಕೈಯಲ್ಲಿ ಒಂದು ಸಲ ತಾಳೆ ನೋಡದೆ ಯಾರ ಮೈಮೇಲೂ ಬಿಡಲಿಲ್ಲ, ರಿಟೈರ್ ಆಗುವ ದಿನದವರೆಗೂ.

ಮೂರು ತಿಂಗಳಾದ ಮೇಲೆ ಶರಣಪ್ಪ ತೋರಿಸಲು ಬಂದ. ಪದ್ಮಜಾ ಅವನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಪುಟ್ಟ ಕನ್ನಡಿಯನ್ನು ಗಂಟಲಿಗೆ ಇಳಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬರುವಷ್ಟು ಎದೆ ಗಟ್ಟಿ ಇರಲಿಲ್ಲ.

"ಈ... ಅನ್ನು ಶರಣಪ್ಪಾ."

ಮೊದಲು ಬರೀ ಗಾಳಿ. ಅವನು ಉಗುಳು ನುಂಗಿ, ಕಣ್ಣು ಮುಚ್ಚಿ, ಮತ್ತೆ ಪ್ರಯತ್ನಿಸಿದ. "ಈ" ಅಂತ ಹೊರಬಂತು. ಒರಟು, ಅಂಚು ಹರಿದ ದನಿ. ಆದರೆ ದನಿ. ಹೊರಗಿನ ಬೆಂಚಿನ ಮೇಲೆ ಕೂತವರು ತಲೆ ಎತ್ತಿ ನೋಡಿದರು.

ನೋಡಬೇಕಾದ್ದನ್ನು ಪದ್ಮಜಾ ನೋಡಿಯಾಗಿತ್ತು, ಗಡ್ಡೆ ಇರಲಿಲ್ಲ. ಕನ್ನಡಿ ಹೊರಗೆ ತೆಗೆದು, ನನ್ನ ಕಡೆ ಒಮ್ಮೆ ತಿರುಗಿ, "ಇನ್ನೊಂದ್ಸಲ ಅನ್ನು" ಅಂದರು.